ಸರ್ ಪ್ಯಾಟ್ರಿಕ್ ಸ್ಪೆನ್ಸ್ ಮತ್ತು ಬಿದಿಗೆಯ ಚಂದ್ರ

ಸ್ಕಾಟ್ಲೆಂಡಿನ ದುರಂತ ಲಾವಣಿಗಳಲ್ಲಿ ‘ಸರ್ ಪ್ಯಾಟ್ರಿಕ್ ಸ್ಪೆನ್ಸ್’ಗೆ ವಿಶೇಷ ಸ್ಥಾನವಿದೆ. ಹಳೆಯ ಲಾವಣಿಗಳ ಸಂಗ್ರಹಕಾರ ಥಾಮಸ್ ಪರ್ಸಿ 1765ರಲ್ಲಿ ಇದನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದಾಗ ಅದರಲ್ಲಿದ್ದುದು ಕೇವಲ 11 ಪದ್ಯಗಳು. ಡನ್‌ಫರ್ಮ್‌ಲಿನ್ ಪಟ್ಟಣದಲ್ಲಿ ರಕ್ತಗೆಂಪು ಮದ್ಯ ಹೀರುತ್ತ ಕುಳಿತ ದೊರೆ ತನ್ನ ಹಡಗು ನಡೆಸಲು ಒಳ್ಳೆಯ ನಾವಿಕನೊಬ್ಬ ಬೇಕೆಂದಾಗ, ಬಲಗಡೆ ಕುಳಿತಿದ್ದ ವೃದ್ಧ ಸರದಾರನೊಬ್ಬ ಸ್ಪೆನ್ಸನ ಹೆಸರು ಹೇಳುತ್ತಾನೆ. ಕಡಲತೀರದಲ್ಲಿ ಅಡ್ಡಾಡುತ್ತಿದ್ದ ಸ್ಪೆನ್ಸ್ ದೊರೆಯ ಪತ್ರದ ಮೊದಲ ಸಾಲು ಓದಿ ಗಹಗಹಿಸುತ್ತಾನೆ. ಮುಂದಿನ ಸಾಲಿಗೆ ಅವನ ಕಣ್ಣು ತುಂಬಿ ಬರುತ್ತದೆ, ಏಕೆಂದರೆ ಅದು ಹಡಗು ಹೊರಡಿಸುವ ಋತುವೇ ಅಲ್ಲ. ಬಿರುಗಾಳಿಯ ವರ್ಣನೆಗೆ ಲಾವಣಿ ಒಂದು ಸಾಲನ್ನೂ ಖರ್ಚು ಮಾಡುವುದಿಲ್ಲ. ಬೂಟು ಒದ್ದೆಯಾದೀತೆಂದು ಹಿಂಜರಿದ ಸರದಾರರ ಟೋಪಿಗಳು ನೀರಿನ ಮೇಲೆ ತೇಲಿದವು ಎಂದಷ್ಟೇ ಹೇಳಿ, ಸ್ಕಾಟ್ಲೆಂಡಿನ ಕರಾವಳಿಯ ಅಬರ್‌ಡೋರ್ ದಾರಿಯಲ್ಲಿ ಐವತ್ತು ಮಾರು ಆಳದಲ್ಲಿ ಮಲಗಿದ ಸ್ಪೆನ್ಸನ ಕಾಲಬಳಿ ಅವರನ್ನೂ ಮಲಗಿಸಿ ಮುಗಿಸಿಬಿಡುತ್ತದೆ.

ಹೊರಡುವ ಮುನ್ನ ನಾವಿಕನೊಬ್ಬ ಎಚ್ಚರಿಸುತ್ತಾನೆ: ನಿನ್ನೆ ಸಂಜೆ ಹೊಸ ಚಂದ್ರ ಹಳೆಯ ಚಂದ್ರನನ್ನು ತೋಳಲ್ಲಿ ಹಿಡಿದಿದ್ದನ್ನು ಕಂಡೆ, ಇದು ಕೇಡಿನ ಸೂಚನೆ. ಇದು ಬರಿಯ ಕವಿಕಲ್ಪನೆಯಲ್ಲ. ಬಿದಿಗೆ, ತದಿಗೆಯ ಸಂಜೆ ತೆಳುವಾದ ಬಿಳಿ ಗೆರೆಯ ಜೊತೆಗೆ ಚಂದ್ರನ ಉಳಿದ ಭಾಗವೂ ಬೂದಿಬಣ್ಣದಲ್ಲಿ ಮಸುಕಾಗಿ ಕಾಣುವುದುಂಟು. ಭೂಮಿಯಿಂದ ಪ್ರತಿಫಲಿಸಿದ ಬಿಸಿಲು ಅಲ್ಲಿಗೆ ತಲುಪಿ, ಅಲ್ಲಿಂದ ಮರಳಿ ನಮ್ಮ ಕಣ್ಣಿಗೆ ಬೀಳುವುದೇ ಇದಕ್ಕೆ ಕಾರಣವೆಂದು 16ನೇ ಶತಮಾನದ ಆರಂಭದಲ್ಲೇ ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದ. ನಮಗೆ ಚಂದ್ರ ಎಳೆಯಾಗಿ ಕಾಣುವ ದಿನಗಳಲ್ಲಿ ಚಂದ್ರನ ಆಕಾಶದಲ್ಲಿ ಭೂಮಿ ಹೆಚ್ಚುಕಡಿಮೆ ಪೂರ್ಣವಾಗಿ ಬೆಳಗುತ್ತಿರುತ್ತದೆ. ಅದರ ಬಿಂಬದ ವಿಸ್ತಾರವೂ ನಮಗೆ ಕಾಣುವ ಹುಣ್ಣಿಮೆಯ ಚಂದ್ರನ ಸುಮಾರು 13 ಪಟ್ಟು. ಮೋಡಗಳು ಬಿಸಿಲನ್ನು ಚೆನ್ನಾಗಿ ಪ್ರತಿಫಲಿಸುವುದರಿಂದ ಭೂಮಿಯ ಮೇಲೆ ಮೋಡ ಹೆಚ್ಚಿದಷ್ಟೂ ಈ ಬೆಳಕು ಹೆಚ್ಚುತ್ತದೆ. ಆದರೆ ಅದು ಭೂಗೋಳದ ಒಂದು ಇಡೀ ಪಾರ್ಶ್ವದ ಲೆಕ್ಕ. ಅದರಿಂದ ಒಂದು ಬಂದರಿನ ನಾಳೆಯ ಗಾಳಿಯನ್ನು ಊಹಿಸಲಾಗದು. ನಾವಿಕ ಕಂಡದ್ದು ನಿಜ, ಕಟ್ಟಿದ ಶಕುನ ಮಾತ್ರ ಬೇರೆ ಮಾತು.

ಇಂಥ ಹಡಗು ನಿಜಕ್ಕೂ ಮುಳುಗಿತ್ತೇ? ಸ್ಕಾಟ್ಲೆಂಡಿನ ದೊರೆ ಮೂರನೆಯ ಅಲೆಕ್ಸಾಂಡರನ ಮಗಳು ಮಾರ್ಗರೆಟ್ 1281ರಲ್ಲಿ ನಾರ್ವೆಯ ದೊರೆ ಎರಿಕ್‌ನನ್ನು ವರಿಸಿದಳು; ಅವಳನ್ನು ಬಿಟ್ಟು ಮರಳುತ್ತಿದ್ದ ಹಲವು ಗಣ್ಯರು ಕಡಲಪಾಲಾದರೆಂದು ಹಳೆಯ ವೃತ್ತಾಂತ ಹೇಳುತ್ತದೆ. ಅವಳ ಮಗಳು, ಸ್ಕಾಟ್ಲೆಂಡಿನ ಪುಟ್ಟ ಉತ್ತರಾಧಿಕಾರಿಣಿ, 1290ರಲ್ಲಿ ನಾರ್ವೆಯಿಂದ ತಾಯಿಯ ನಾಡಿನತ್ತ ಬರುವಾಗ ಆರ್ಕ್ನಿ ದ್ವೀಪಗಳಲ್ಲಿ ತೀರಿಕೊಂಡಳು. ಎರಡೂ ಘಟನೆಗಳನ್ನು ಲಾವಣಿಗೆ ಹೊಂದಿಸಿದವರಿದ್ದಾರೆ. ಆದರೆ ಪರ್ಸಿಯ ಪಾಠದಲ್ಲಿ ನಾರ್ವೆಯ ಹೆಸರೇ ಇಲ್ಲ. ಅದು ಸೇರಿಕೊಂಡಿರುವುದು ಆಮೇಲೆ ಅಚ್ಚಾದ, ವಾಲ್ಟರ್ ಸ್ಕಾಟ್ ಸಂಗ್ರಹದಂಥ ದೀರ್ಘ ಪಾಠಗಳಲ್ಲಿ. ಆದ್ದರಿಂದ ಹಾಡುಗಾರರು ಒಂದಕ್ಕಿಂತ ಹೆಚ್ಚು ಕಡಲ ಸಾವುಗಳನ್ನು ಒಂದೇ ಹಡಗಿಗೆ ತುಂಬಿದ್ದಾರೆಂಬ ವಾದವೇ ನನಗೆ ಹೆಚ್ಚು ಒಪ್ಪಿತ.