ಆವಿಯಿಂದ ಹುಟ್ಟಿದ ಕವಚ

ಚಿಪ್ಸ್ ತಿಂದು ಮುಗಿಸಿದ ಮೇಲೆ ಪ್ಯಾಕೆಟ್ ಹರಿದು ಒಳಮೈ ನೋಡಿ. ಬೆಳ್ಳಿಯ ಹಾಗೆ ಥಳಥಳ ಅನ್ನುತ್ತದೆ. ಅದು ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತ ಅಲ್ಯೂಮಿನಿಯಂ. ದಪ್ಪ ಸುಮಾರು 0.05 ಮೈಕ್ರಾನ್, ಅಂದರೆ ತಲೆಗೂದಲಿನ ಸಾವಿರದಲ್ಲೊಂದು ಪಾಲೂ ಇಲ್ಲ. ಹೀಗೆ ಲೋಹವನ್ನು ಆವಿ ಮಾಡಿ ಅಂಟಿಸುವುದಕ್ಕೆ ಜಪಾನೀ ಭಾಷೆಯಲ್ಲಿ ‘ಜೋಚಾಕು’ ಅಂತ ಹೆಸರು.

ಕಾರ್ಖಾನೆಯ ಈ ಒಣ ಪದವನ್ನು 1982ರ ಮಾರ್ಚ್‌ನಲ್ಲಿ ಜಪಾನಿನ ಟಿವಿ ಅಸಾಹಿ ವಾಹಿನಿಯಲ್ಲಿ ಒಬ್ಬ ಹೀರೋ ಗಂಟಲು ಹರಿಯುವ ಹಾಗೆ ಕೂಗಿದ. ತೋಯೇ ಕಂಪನಿಯ ‘ಉಚೂ ಕೇಜಿ ಗ್ಯಾಬನ್’ ಧಾರಾವಾಹಿ ಅದು. ಗ್ಯಾಬನ್ ಒಬ್ಬ ಬಾಹ್ಯಾಕಾಶ ಪೊಲೀಸ್. ‘ಜೋಚಾಕು!’ ಅಂದರೆ ಸಾಕು, ಅವನ ಹಡಗಿನಿಂದ ಲೋಹದ ಕಣಗಳು ಬಂದು ಮೈಮೇಲೆ ಕವಚವಾಗುತ್ತವೆ. ಹಿಡಿಯುವ ಸಮಯ 0.05 ಸೆಕೆಂಡ್. ಸೆಕೆಂಡಿಗೆ 24 ಚೌಕಟ್ಟು ಓಡುವ ಫಿಲ್ಮ್‌ನಲ್ಲಿ ಅದು ಒಂದೇ ಒಂದು ಚೌಕಟ್ಟು, ಮೇಲೆ ಚೂರು. ಕಣ್ಣಿಗೆ ಏನೂ ಕಾಣಲ್ಲ, ಅಲ್ವಾ? ಅದಕ್ಕೇ ಹಿನ್ನೆಲೆಯ ದನಿ ‘ಅದನ್ನು ಇನ್ನೊಮ್ಮೆ ನೋಡೋಣ’ ಅನ್ನುತ್ತಿತ್ತು. ಆಮೇಲೆ ನಿಧಾನವಾಗಿ ತೋರಿಸುತ್ತಿದ್ದರು. ವಿಜ್ಞಾನದ ಪಾಠದ ಹಾಗೆ!

ಅಲ್ಲಿಂದ ಶುರುವಾದ ‘ಮೆಟಲ್ ಹೀರೋ’ ಧಾರಾವಾಹಿಗಳ ಸಾಲು 1999ರವರೆಗೆ ನಡೆಯಿತು. ಗ್ಯಾಬನ್ ಅನ್ನುವ ಹೆಸರು ಫ್ರೆಂಚ್ ನಟ ಜಾನ್ ಗಬ್ಯಾಂನಿಂದ ಬಂದದ್ದು. ತಮಾಷೆ ಅಂದರೆ, ಧಾರಾವಾಹಿ ಫ್ರಾನ್ಸಿಗೆ ಹೋದಾಗ ಆ ಹೆಸರನ್ನೇ ತೆಗೆದು ‘ಎಕ್ಸ್-ಓರ್’ ಮಾಡಿದರು. ಮೂರನೆಯ ಹೀರೋ ಶೈಡರ್ ಕೂಗುತ್ತಿದ್ದದ್ದು ‘ಶೋಕೆತ್ಸು’. ಅದೂ ಕಾರ್ಖಾನೆಯದೇ ಮಾತು: ಪುಡಿಯನ್ನು ಪೂರ್ತಿ ಕರಗಿಸದೆ ಕಾಯಿಸಿ ಕಣಕ್ಕೆ ಕಣ ಬೆಸೆಯುವುದು. ಕುಂಬಾರರ ಆವಿಗೆಯಲ್ಲಿ ಮಡಕೆ ಗಟ್ಟಿಯಾಗುವುದೂ ಹೆಚ್ಚುಕಮ್ಮಿ ಹಾಗೇ.

ನಿಜವಾದ ಜೋಚಾಕು ಹೇಗೆ? ಮುಚ್ಚಿದ ಪೆಟ್ಟಿಗೆಯಿಂದ ಗಾಳಿ ಹೀರಿ ತೆಗೆಯುತ್ತಾರೆ. ಒಳಗೆ ಟಂಗ್‌ಸ್ಟನ್ ಸುರುಳಿಗೆ ಅಲ್ಯೂಮಿನಿಯಂ ತುಂಡು ಸಿಕ್ಕಿಸಿ ಕರೆಂಟ್ ಬಿಡುತ್ತಾರೆ. ಅದು 660 ಡಿಗ್ರಿಗೆ ಕರಗುತ್ತದೆ, ಇನ್ನೂ ಕಾದರೆ ಆವಿಯಾಗುತ್ತದೆ. ಅಡ್ಡ ಬರಲು ಗಾಳಿ ಇಲ್ಲವಲ್ಲ, ಪರಮಾಣುಗಳು ನೇರ ಗೆರೆಯಲ್ಲಿ ಹಾರಿ, ತಗುಲಿದ ಕಡೆ ಅಂಟಿ ಕೂರುತ್ತವೆ. ನೆರಳು ಬಿದ್ದ ಕಡೆ ಲೇಪವೂ ಇಲ್ಲ. ಅದಕ್ಕೇ ವಸ್ತುವನ್ನು ಒಳಗೇ ತಿರುಗಿಸುತ್ತಾ ಇರಬೇಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ 2.34 ಮೀಟರ್ ದೂರದರ್ಶಕದ ಕನ್ನಡಿ ಹೊಳೆಯುವುದೂ ಇಂಥದೇ ಅಲ್ಯೂಮಿನಿಯಂ ಪೊರೆಯಿಂದ.

ಈಗ ಸುಮ್ನೆ ಒಂದು ಲೆಕ್ಕ. ಮನುಷ್ಯನ ಮೈ ಹೆಚ್ಚುಕಮ್ಮಿ 2 ಚದರ ಮೀಟರ್. ಚಿಪ್ಸ್ ಪ್ಯಾಕೆಟಿನಷ್ಟೇ ಹೊಳಪು ಸಾಕು ಅಂದರೆ ಕಾಲು ಗ್ರಾಂ ಅಲ್ಯೂಮಿನಿಯಂ ಆಯಿತು. ಆದರೆ ಉಗುರಿಗೇ ಕಿತ್ತು ಬರುವ ಕವಚ ತೊಟ್ಟು ಯಾರ ಜತೆ ಜಗಳ ಆಡುವುದು? 1 ಮಿಲಿಮೀಟರ್ ದಪ್ಪವಾದರೂ ಬೇಕು. ಆಗ 5 ಕಿಲೋ ದಾಟುತ್ತದೆ. ಅಷ್ಟು ಆವಿ ತಣಿದು ಘನವಾಗುವಾಗ ಬಿಟ್ಟುಕೊಡುವ ಶಾಖ ಸುಮಾರು 20 ಯೂನಿಟ್ ಕರೆಂಟಿನಷ್ಟು. ಅದೂ 0.05 ಸೆಕೆಂಡಿನಲ್ಲಿ, ಬರೀ ಮೈಮೇಲೆ! ಕವಚ ಸಿದ್ಧ, ಒಳಗಿನ ಪೊಲೀಸಪ್ಪ ಸುಟ್ಟ ಹಪ್ಪಳ.

ಶೂಟಿಂಗಿನ ಕವಚ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್ಕಿನದು. ಮೇಲಿನ ಹೊಳಪು ಮಾತ್ರ ನಿಜವಾದ ಜೋಚಾಕು. ಹೀರೋನ ‘ಜೋಚಾಕು!’ ಕೂಗು ಹುಟ್ಟಿದ್ದೇ ಅಲ್ಲಿಂದ. ಬೆಳ್ಳಿ ಹೊಳಪಿಗೆ ಸ್ವಂತ ಬಣ್ಣ ಅಂತ ಇಲ್ಲ. ಕಲ್ಲುಗಣಿಯಲ್ಲಿ ನಿಂತರೆ ಎದೆಯ ಮೇಲೆ ಆಕಾಶ, ಕಾಲಿನ ಮೇಲೆ ಮಣ್ಣು. ಸ್ಫೋಟವಾದರೆ ಕವಚವೇ ಕೆಂಪು. ಕ್ಯಾಮೆರಾದವರಿಗೆ ಇದು ತಲೆನೋವು, ಯಾಕೆಂದರೆ ಎಡವಟ್ಟಾಗಿ ನಿಂತರೆ ಅವರೇ ಹೀರೋ ಹೊಟ್ಟೆಯ ಮೇಲೆ ಕಾಣುತ್ತಾರೆ. ಗೀರು ಬಿದ್ದರಂತೂ ತೇಪೆ ಹಾಕುವ ಹಾಗಿಲ್ಲ. ಆ ತುಂಡನ್ನು ಮತ್ತೆ ನಿರ್ವಾತ ಪೆಟ್ಟಿಗೆಗೇ ಇಡಬೇಕು.

ಮೊದಲ ಗ್ಯಾಬನ್ ಆಗಿದ್ದ ನಟ ಕೆಂಜಿ ಓಬಾ 2024ರಲ್ಲಿ ತೀರಿಕೊಂಡರು. 2026ರಲ್ಲಿ ತೋಯೇ ‘ಗ್ಯಾಬನ್ ಇನ್ಫಿನಿಟಿ’ ಅಂತ ಹೊಸ ಹೆಸರಿನಲ್ಲಿ, ತನ್ನದೇ ಇನ್ನೊಂದು ಹೀರೋ ಸಾಲು ‘ಸೂಪರ್ ಸೆಂಟಾಯ್’ ಬರುತ್ತಿದ್ದ ಭಾನುವಾರದ ಬೆಳಗಿಗೇ ಗ್ಯಾಬನ್‌ನನ್ನು ಮತ್ತೆ ತಂದಿದೆ. ಈಗ ಕಂಪ್ಯೂಟರಿನಲ್ಲಿ ಎಂಥ ಲೋಹವನ್ನಾದರೂ ಬರೆಯಬಹುದು. ಆದರೆ ಕನ್ನಡಿಯಂಥ ಮೈ ಬರೆಯುವುದು ದುಬಾರಿ ಕೆಲಸ. ಸುತ್ತಲಿನ ಮರ, ಮೋಡ, ದೀಪ ಎಲ್ಲದರ ಬೆಳಕು ಎಲ್ಲಿ ತಾಗಿ ಎಲ್ಲಿ ಹೊರಳುತ್ತದೆ ಅಂತ ಚೌಕಟ್ಟಿಗೊಮ್ಮೆ ಲೆಕ್ಕ ಹಾಕಬೇಕು. ಸ್ವಲ್ಪ ತಪ್ಪಿದರೂ ಕವಚ ಪಾತ್ರೆ ಜಾಹೀರಾತಿನ ಹಾಗೆ ತೇಲುತ್ತದೆ. ನನ್ನ ಕೇಳಿದರೆ, ಕಥೆ ಎಷ್ಟು ಬೇಕಾದರೂ ಬದಲಾಯಿಸಲಿ, ಖಳರನ್ನೂ ಡಿಜಿಟಲ್ ಮಾಡಲಿ, ಆ ಲೇಪ ಮಾತ್ರ ಪೆಟ್ಟಿಗೆಯಿಂದಲೇ ಬರಲಿ. ಅವನು ಕೈ ಎತ್ತಿದಾಗ ಮುಂಗೈ ಮೇಲೆ ಅವತ್ತಿನ ಮೋಡ ಜಾರಿ ಹೋಗಬೇಕು.