51 ಮತದಲ್ಲಿ ಬಂದ ಕಾಯ್ದೆಯನ್ನು ತೆಗೆಯಲು 60 ಮತ ಯಾಕೆ ಬೇಕು? ಅಮೆರಿಕದ ಸ್ನ್ಯಾಪ್, ಮೆಡಿಕೇಡ್ ಬಗ್ಗೆ ನನ್ನ ಟಿಪ್ಪಣಿ

ಮಡಿಕೇರಿಯಲ್ಲಿ ನಾವು ನಾಲ್ಕು ಜನ ಸೇರಿ ಪರೀಕ್ಷೆಗೆ ಓದುತ್ತಿದ್ದೇವೆ. ಬೇರೆ ದೇಶಗಳ ಸಂವಿಧಾನದ ಪಾಠದಲ್ಲಿ ಅಮೆರಿಕ ನನ್ನ ಪಾಲಿಗೆ ಬಂತು. ಮೂರು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಏನು ಬದಲಾಯಿತು

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಒಂದು ದೊಡ್ಡ ಕಾಯ್ದೆಗೆ ಸಹಿ ಹಾಕಿದರು. ತೆರಿಗೆ ಕಡಿತವೂ ಅದರಲ್ಲೇ, ಬಡವರ ಸೌಲಭ್ಯಗಳ ಬದಲಾವಣೆಯೂ ಅದರಲ್ಲೇ.

ಸ್ನ್ಯಾಪ್ ಅಂದರೆ ಹಿಂದಿನ ಫುಡ್ ಸ್ಟ್ಯಾಂಪ್. ನಮ್ಮಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡುತ್ತಾರೆ. ಅಲ್ಲಿ ಕಾರ್ಡಿಗೆ ದುಡ್ಡು ಹಾಕುತ್ತಾರೆ, ಅದರಲ್ಲಿ ಆಹಾರ ಸಾಮಾನು ಕೊಳ್ಳಬಹುದು. ಕೆಲಸ ಮಾಡುತ್ತಿರುವುದನ್ನು ತೋರಿಸದಿದ್ದರೆ 3 ವರ್ಷದಲ್ಲಿ 3 ತಿಂಗಳು ಮಾತ್ರ ಸಿಗುತ್ತದೆ ಎಂಬ ನಿಯಮ 54 ವರ್ಷದವರೆಗೆ ಇತ್ತು. ಈಗ 64ರವರೆಗೆ ಏರಿದೆ. ಮುಂಚೆ 18ರೊಳಗಿನ ಮಕ್ಕಳಿದ್ದ ಮನೆಗೆ ವಿನಾಯಿತಿ ಇತ್ತು. ಈಗ ಮಗು 14ರೊಳಗೆ ಇರಬೇಕು.

ಮೆಡಿಕೇಡ್ ಬಡವರ ಆರೋಗ್ಯ ವಿಮೆ. ಅದನ್ನು ಹೆಚ್ಚು ಜನರಿಗೆ ವಿಸ್ತರಿಸಿದ ರಾಜ್ಯಗಳಲ್ಲಿ, ಆ ವಿಸ್ತರಣೆಯಲ್ಲಿ ಸೇರಿದ 19ರಿಂದ 64 ವರ್ಷದವರು ತಿಂಗಳಿಗೆ 80 ಗಂಟೆ ಕೆಲಸ ತೋರಿಸಬೇಕು. ಸಣ್ಣ ಮಕ್ಕಳ ತಂದೆತಾಯಿಗೆ, ತೀವ್ರ ಕಾಯಿಲೆ ಇರುವವರಿಗೆ ವಿನಾಯಿತಿ ಇದೆ.

80 ಗಂಟೆ ಅಂದರೆ

ದಿನಕ್ಕೆ 8 ಗಂಟೆಯಂತೆ 10 ದಿನ. ಕೇಳಿದರೆ ಜಾಸ್ತಿ ಏನಲ್ಲ. ನಮ್ಮಪ್ಪ ಸಿದ್ದಾಪುರದ ಹತ್ತಿರ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್. "ಅಪ್ಪಾ, ಒಬ್ಬರು ತಿಂಗಳಿಗೆ ಎಷ್ಟು ಗಂಟೆ ಕೆಲಸ ಮಾಡ್ತಾರೆ?" ಎಂದು ಕೇಳಿದೆ. ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಪುಸ್ತಕ, ತೆಗೆದು ತೋರಿಸಿದರು. ಗಂಟೆ ಎಲ್ಲೂ ಇಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಹೆಸರಿನ ಮುಂದೆ ಕೆಜಿ ಬರೆದಿದೆ. ಬೇರೆ ದಿನ ಹಾಜರಿ ಗುರುತು. ಜುಲೈ ಪುಟದಲ್ಲಿ ಮಳೆ ಜೋರಾಗಿದ್ದ ದಿನಗಳು ಸಾಲಾಗಿ ಖಾಲಿ. ಜನವರಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಹಣ್ಣು ಕುಯ್ದ ಲೈನ್‌ಮನೆಯ ಅಕ್ಕನ ಹೆಸರಿನ ಮುಂದೆಯೂ ಜುಲೈಯಲ್ಲಿ ಖಾಲಿ.

ಅಮೆರಿಕದ ಕಾಯ್ದೆ ಇದನ್ನು ಪೂರ್ತಿ ಮರೆತಿಲ್ಲ. ಗಂಟೆಯ ಬದಲು ತಿಂಗಳಿಗೆ 580 ಡಾಲರ್ ಗಳಿಕೆ ತೋರಿಸಬಹುದು. ಇದು ಅಲ್ಲಿನ ಕನಿಷ್ಠ ಕೂಲಿ 7.25 ಡಾಲರನ್ನು 80ರಿಂದ ಗುಣಿಸಿದ ಲೆಕ್ಕ. ಹಂಗಾಮಿನ ಕೆಲಸಗಾರರಿಗೆ 6 ತಿಂಗಳ ಸರಾಸರಿ ಹಿಡಿಯುತ್ತಾರೆ. ಆದರೆ ಕಾಗದ ಅಂತೂ ಬೇಕೇ ಬೇಕು. ಅರ್ಕನ್ಸಾ ರಾಜ್ಯ 2018ರಲ್ಲಿ ಇಂಥದ್ದೇ ನಿಯಮ ತಂದಾಗ ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಚೆಕ್‌ರೋಲ್ ನೋಡಿದ ಮೇಲೆ ಆ ಸಂಖ್ಯೆ ನನಗೆ ಬೇರೆಯೇ ಥರ ಕಾಣುತ್ತಿದೆ.

ನಾನು ಸಿಕ್ಕಿಹಾಕಿಕೊಂಡ ಜಾಗ

ಈ ಬದಲಾವಣೆಗಳನ್ನು ವಾಪಸ್ ತೆಗೆಯಲು ಟ್ರಂಪ್ ವಿರೋಧಿ ಪಕ್ಷವಾದ ಡೆಮಾಕ್ರಾಟ್ ಸದಸ್ಯರು ಮಸೂದೆ ತಂದಿದ್ದಾರೆ. ಮೂಲ ಕಾಯ್ದೆ ಕೆಳಮನೆಯಲ್ಲಿ 218–214ರಲ್ಲಿ ಪಾಸಾಯಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ 50–50 ಸಮ ಆಗಿ, ಉಪಾಧ್ಯಕ್ಷ ವ್ಯಾನ್ಸ್ ಅವರ ಮತದಿಂದ 51–50. ಹಾಗಾದರೆ ತೆಗೆಯಲೂ 51 ಸಾಕಲ್ವಾ? ಪುಸ್ತಕ 60 ಬೇಕು ಅನ್ನುತ್ತಿತ್ತು. ಇಲ್ಲೇ ನಾನು ನಿಂತುಬಿಟ್ಟಿದ್ದು.

ನಮ್ಮ ಸಂಸತ್ತು ನೆನೆಸಿಕೊಂಡರೆ ಇದು ವಿಚಿತ್ರ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಕೃಷಿ ಕಾಯ್ದೆಗಳನ್ನು 2021ರ ನವೆಂಬರ್ 29ರಂದು ಎರಡೂ ಸದನ ಒಂದೇ ದಿನ ರದ್ದು ಮಾಡಿದವು. ತರಲೂ ತೆಗೆಯಲೂ ಸಾದಾ ಬಹುಮತ.

ಸೆನೆಟ್‌ನಲ್ಲಿ ಒಂದು ಮಸೂದೆಗೆ ಎರಡು ಮೆಟ್ಟಿಲು. ಮೊದಲು ಚರ್ಚೆ ಮುಗಿಸಬೇಕು, ಆಮೇಲೆ ಮತ ಹಾಕಬೇಕು. ಮತಕ್ಕೆ ಸಾದಾ ಬಹುಮತ ಸಾಕು. ಚರ್ಚೆ ಮುಗಿಸಲು 100ರಲ್ಲಿ 60 ಬೇಕು. ಆ 60 ಇಲ್ಲದಿದ್ದರೆ ಮಸೂದೆ ಎರಡನೇ ಮೆಟ್ಟಿಲಿಗೇ ಹೋಗುವುದಿಲ್ಲ. ಹೀಗೆ ತಡೆಯುವುದೇ ಫಿಲಿಬಸ್ಟರ್.

ಇದಕ್ಕೆ ಪಕ್ಕದ ಬಾಗಿಲೊಂದಿದೆ: ರಿಕನ್ಸಿಲಿಯೇಷನ್. 1974ರ ಬಜೆಟ್ ಕಾಯ್ದೆಯಿಂದ ಬಂದದ್ದು. ಬಜೆಟ್‌ಗೆ ಸಂಬಂಧಪಟ್ಟ ಮಸೂದೆಗೆ ಚರ್ಚೆ 20 ಗಂಟೆಗೆ ಸೀಮಿತ. ಚರ್ಚೆ ತಾನಾಗಿ ಮುಗಿಯುವುದರಿಂದ ಮೊದಲ ಮೆಟ್ಟಿಲೇ ಇಲ್ಲ. ಜುಲೈ ಕಾಯ್ದೆ ಈ ಬಾಗಿಲಿಂದ ಬಂತು.

ನಾನು ಇದನ್ನು ನಮ್ಮ ಹಣಕಾಸು ಮಸೂದೆ (ಮನಿ ಬಿಲ್) ಎಂದುಕೊಂಡಿದ್ದೆ. ಹಾಗೆ ಬರೆದರೆ ಅಂಕ ಹೋಗುತ್ತದೆ. ಹಣಕಾಸು ಮಸೂದೆಯಲ್ಲಿ ರಾಜ್ಯಸಭೆಗೆ ತಡೆಯುವ ಅಧಿಕಾರವೇ ಇಲ್ಲ, 14 ದಿನದಲ್ಲಿ ವಾಪಸ್ ಕಳಿಸಬೇಕು. ರಿಕನ್ಸಿಲಿಯೇಷನ್‌ನಲ್ಲಿ ಸೆನೆಟ್ ಮಸೂದೆಯನ್ನು ಸೋಲಿಸಬಲ್ಲದು. ಚರ್ಚೆ ಎಳೆಯುವ ದಾರಿ ಮಾತ್ರ ಮುಚ್ಚಿರುತ್ತದೆ.

ರದ್ದು ಮಾಡುವವರೂ ಇದೇ ಬಾಗಿಲಿಂದ ಬರಬಹುದಲ್ಲ? ಬರಬಹುದು. ಆದರೆ ಮೊದಲು ಎರಡೂ ಸದನ ಬಜೆಟ್ ನಿರ್ಣಯ ಪಾಸು ಮಾಡಬೇಕು. ಅದಕ್ಕೆ ಬಹುಮತ ಬೇಕು. ಬಹುಮತ ಇಲ್ಲದ ಪಕ್ಷಕ್ಕೆ ಈ ಬಾಗಿಲ ಕೀಲಿಕೈ ಸಿಗುವುದಿಲ್ಲ. ಹಾಗಾಗಿ ಅವರ ಮಸೂದೆ ಮುಂಬಾಗಿಲಿಗೇ ಬರಬೇಕು, ಅಲ್ಲಿ 60. ದಾಟಿದರೂ ಅಧ್ಯಕ್ಷರ ಸಹಿ ಬೇಕು. ಅವರು ತಿರಸ್ಕರಿಸಿದರೆ ಎರಡೂ ಸದನದಲ್ಲಿ ಮೂರನೇ ಎರಡು ಭಾಗ.

ನನಗೆ ಇದು ಗಟ್ಟಿಯಾದದ್ದು 2025ರ ಸೆಪ್ಟೆಂಬರ್ 30ರ ಮತಗಳಿಂದ. ಮೆಡಿಕೇಡ್ ಕಡಿತ ರದ್ದು ಮಾಡುವ ಅಂಶ ಸೇರಿಸಿದ್ದ ಡೆಮಾಕ್ರಾಟ್‌ರ ಸರ್ಕಾರಿ ಖರ್ಚಿನ ಮಸೂದೆಗೆ 47–53. ಸೋತಿತು. ಅದೇ ದಿನ ಟ್ರಂಪ್ ಪಕ್ಷವಾದ ರಿಪಬ್ಲಿಕನ್ನರ ಖರ್ಚಿನ ಮಸೂದೆಗೆ 55–45. 55 ಸಿಕ್ಕರೂ ಸೋತಿತು! ಅದೂ ಮುಂಬಾಗಿಲ ಮಸೂದೆಯೇ. ಖರ್ಚಿಗೆ ಒಪ್ಪಿಗೆ ಸಿಗದೆ ಮರುದಿನದಿಂದ ಸರ್ಕಾರಿ ಕಚೇರಿಗಳು ಸ್ಥಗಿತ, 43 ದಿನ. 60ರ ಲೆಕ್ಕ ಮರೆತರೆ ಈ 55 ನೆನಪಿಟ್ಟುಕೊಳ್ಳಿ.

ದಿನಾಂಕ

ಕೆಲಸದ ನಿಯಮವನ್ನು ಮೆಡಿಕೇಡ್‌ನಲ್ಲಿ ರಾಜ್ಯಗಳು ಜಾರಿ ಮಾಡಲು ಗಡುವು 2027ರ ಜನವರಿ 1. ಬೇಕಾದರೆ ಮುಂಚೆಯೂ ಶುರು ಮಾಡಬಹುದು. ಸ್ನ್ಯಾಪ್‌ನ ವಯಸ್ಸಿನ ಬದಲಾವಣೆಗೆ ಹಾಗೆ ಮುಂದಿನ ದಿನಾಂಕ ಇರಲಿಲ್ಲ, ಸಹಿ ಬಿದ್ದ ದಿನವೇ ಕಾಯ್ದೆ ಆಯಿತು. ಅಂದರೆ ಒಂದು ಕಡೆ ಗಡುವಿಗೆ ಮುಂಚೆ ತಡೆಯುವ ಕೆಲಸ. ಇನ್ನೊಂದು ಕಡೆ, 3 ತಿಂಗಳ ಲೆಕ್ಕ ಆಗಲೇ ಮುಗಿದುಹೋದ 58 ವರ್ಷದವರೊಬ್ಬರ ಕಾರ್ಡಿಗೆ ಮತ್ತೆ ದುಡ್ಡು ಬರುವಂತೆ ಮಾಡುವ ಕೆಲಸ. ಅದಕ್ಕೇ ರದ್ದತಿ ಮಸೂದೆ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಜಾರಿ ದಿನಾಂಕದ ಕಲಂ.