ಅಪ್ರೂವ್ ಒತ್ತುವ ಮುನ್ನ

ಕಳೆದ ವರ್ಷ ಒಂದು ಮಧ್ಯಾಹ್ನ ನನ್ನ ತಂಡದ ಹುಡುಗನೊಬ್ಬ ತಾನು ಸಿದ್ಧಪಡಿಸಿದ ಕೋಡನ್ನು ಪರಿಶೀಲನೆಗೆ ಕಳುಹಿಸಿದ. ಅವನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಆನ್‌ಲೈನ್ ಪಾವತಿಗೆ ಸಂಬಂಧಿಸಿದ ಕೆಲಸ ಅದು: ಬ್ಯಾಂಕಿನಿಂದ ನಿಗದಿತ ಸಮಯದೊಳಗೆ ಉತ್ತರ ಬಾರದಿದ್ದರೆ ನಮ್ಮ ವ್ಯವಸ್ಥೆ ಅದೇ ಕೋರಿಕೆಯನ್ನು ಮತ್ತೊಮ್ಮೆ ಕಳುಹಿಸಬೇಕಿತ್ತು. ಎಐ ಸಹಾಯಕದಿಂದ ಬರೆಸಿದ್ದ ಆ ಕೋಡು ಅಚ್ಚುಕಟ್ಟಾಗಿತ್ತು, ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ನಾನು ಅವನನ್ನು ಕರೆದು ಒಂದೇ ಪ್ರಶ್ನೆ ಕೇಳಿದೆ: "ಮೊದಲ ಸಲವೇ ಹಣ ಕಡಿತವಾಗಿ, ಬ್ಯಾಂಕಿನ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದ್ದರೆ ಏನಾಗುತ್ತದೆ?" ಅವನು ಪರದೆಯನ್ನು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿ, "ಮೇಡಂ, ಅದು ನನಗೆ ತೋಚಲಿಲ್ಲ. ಎಐ ಹಾಗೇ ಬರೆದುಕೊಟ್ಟಿತು" ಎಂದ.

ಆಗುವುದೇನೆಂದರೆ, ಗ್ರಾಹಕರ ಖಾತೆಯಿಂದ ಎರಡು ಸಲ ಹಣ ಹೋಗುತ್ತದೆ. ಪ್ರತಿ ಪಾವತಿಗೂ ಪ್ರತ್ಯೇಕವಾದ ಗುರುತು ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದಾಗ ಹೊಸದಾಗಿ ಹಣ ಕಡಿತವಾಗದಂತೆ ನೋಡಿಕೊಳ್ಳುವುದು ಇದಕ್ಕಿರುವ ಪರಿಹಾರ. ಯಂತ್ರಕ್ಕೂ ಆ ಪರಿಹಾರ ಗೊತ್ತಿತ್ತು. ಕೇಳಿದ ಕೂಡಲೇ ಸರಿಯಾಗಿ ಬರೆದುಕೊಟ್ಟಿತು. ಆದರೆ ಕೇಳಬೇಕೆಂದು ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದಕ್ಕೆ ಕಾರಣವಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ನನ್ನನ್ನು ಕೆಲವು ವಾರ ಗ್ರಾಹಕ ಸೇವೆಯ ಕರೆಗಳನ್ನು ಕೇಳಲು ಕೂರಿಸಿದ್ದರು. "ದುಡ್ಡು ಕಟ್ ಆಗಿದೆ, ಬಿಲ್ ಕಟ್ಟಿಲ್ಲ ಅಂತಲೇ ತೋರಿಸ್ತಿದೆ, ತಿಂಗಳ ಕೊನೆ, ನನ್ನ ಹತ್ತಿರ ಇನ್ನೊಂದು ಸಲ ಕಟ್ಟೋಕೆ ಇಲ್ಲಮ್ಮ" ಎಂದು ಅತ್ತ ಹೆಂಗಸಿನ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಪಾವತಿಯ ಕೋಡು ಓದುವಾಗಲೆಲ್ಲ ನಾನು ಆ ದನಿಯನ್ನು ಮುಂದಿಟ್ಟುಕೊಂಡೇ ಓದುತ್ತೇನೆ.

ಬೆಂಗಳೂರಿನ ತಂತ್ರಾಂಶ ವಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದವಳಾಗಿ, ಎಐ ಕಾಲದಲ್ಲಿ ನಾಯಕತ್ವ ಎಂದರೇನು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಮೊದಲೆಲ್ಲ ತಂಡದಲ್ಲಿ ಹೆಚ್ಚು ಉತ್ತರ ಗೊತ್ತಿದ್ದವರೇ ಮುಂದಾಳುಗಳಾಗುತ್ತಿದ್ದರು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರದ ಕೆಲವೇ ವರ್ಷಗಳಲ್ಲಿ ಉತ್ತರ ಎಲ್ಲರ ಕೈಗೂ ಎಟುಕುವಂತಾಯಿತು. ಚಾಟ್‌ಜಿಪಿಟಿಯಂಥ ಈ ಭಾಷಾ ಮಾದರಿಗಳು ಅಪಾರ ಬರಹವನ್ನು ಓದಿ, ಒಂದು ಪದದ ನಂತರ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುತ್ತವೆ. ಆದ್ದರಿಂದ ಸರಿಯಾದ ಉತ್ತರವನ್ನೂ ತಪ್ಪು ಉತ್ತರವನ್ನೂ ಒಂದೇ ಧೈರ್ಯದ ದನಿಯಲ್ಲಿ ಹೇಳಬಲ್ಲವು. ಆ ದನಿಯ ಮುಂದೆ ಅನುಮಾನಪಡುವ ಶಕ್ತಿಯನ್ನೂ, ಅನುಮಾನವನ್ನು ಬಾಯಿಬಿಟ್ಟು ಹೇಳುವ ಧೈರ್ಯವನ್ನೂ ತಂಡದಲ್ಲಿ ಉಳಿಸಿಕೊಳ್ಳುವುದೇ ಈಗ ಮುಂದಾಳಿನ ಮುಖ್ಯ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅನುಮಾನಪಡುವ ಶಕ್ತಿ ಅಭ್ಯಾಸದಿಂದ ಬರುತ್ತದೆ, ಅಭ್ಯಾಸ ತಪ್ಪಿದರೆ ಹೋಗುತ್ತದೆ. ವ್ಯವಸ್ಥೆ ಸ್ವಯಂಚಾಲಿತವಾದಷ್ಟೂ ಅದನ್ನು ನೋಡಿಕೊಳ್ಳುವ ಮನುಷ್ಯನಿಗೆ ಕೈಪಳಗಿಸಿಕೊಳ್ಳುವ ಅವಕಾಶ ಕಡಿಮೆಯಾಗುತ್ತದೆ, ಆದರೆ ಯಂತ್ರ ಕೈಚೆಲ್ಲುವ ಅತಿ ಕಠಿಣ ಗಳಿಗೆಯಲ್ಲಿ ಅವನೇ ಬೇಕಾಗುತ್ತಾನೆ ಎಂದು ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಬರೆದಿದ್ದರು. ರಿಯೋ ಡಿ ಜನೈರೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲಿ 2009ರ ಜೂನ್ 1ರಂದು ನಡೆದದ್ದು ಅದೇ. ವೇಗವನ್ನು ಅಳೆಯುವ ಪಿಟೋ ನಳಿಕೆಗಳಲ್ಲಿ ಹಿಮದ ಹರಳು ಕಟ್ಟಿಕೊಂಡು, ವೇಗದ ಮಾಹಿತಿ ತಪ್ಪಾಗಿ, ಆಟೋಪೈಲಟ್ ತಾನಾಗಿ ಕಳಚಿಕೊಂಡಿತು. ಅಷ್ಟು ಎತ್ತರದಲ್ಲಿ ಕೈಯಿಂದ ವಿಮಾನ ನಡೆಸಿದ ರೂಢಿ ಇಲ್ಲದ ಪೈಲಟ್ ಮೂತಿಯನ್ನು ಮೇಲಕ್ಕೆತ್ತಿದರು. ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಕಳೆದುಕೊಂಡವು. ಎಚ್ಚರಿಕೆಯ ಸದ್ದು ಪದೇಪದೇ ಮೊಳಗುತ್ತಿದ್ದರೂ ಏನಾಗುತ್ತಿದೆಯೆಂದು ಕಾಕ್‌ಪಿಟ್‌ನಲ್ಲಿದ್ದವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಐದು ನಿಮಿಷವೂ ಕಳೆಯುವ ಮುನ್ನ ವಿಮಾನ ಅಟ್ಲಾಂಟಿಕ್‌ಗೆ ಬಿದ್ದು, ಅದರಲ್ಲಿದ್ದ 228 ಜನರೂ ತೀರಿಹೋದರು.

ತಂತ್ರಾಂಶದಲ್ಲಿ ನಾವು ಇಂಥದೇ ಹೊಸ್ತಿಲಲ್ಲಿದ್ದೇವೆ. ಹೊಸಬರು ಮೊದಲೆರಡು ವರ್ಷ ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಈಗ ಯಂತ್ರ ಮಾಡುತ್ತದೆ. ಆದರೆ ಆ ಸಣ್ಣ ಕೆಲಸಗಳಲ್ಲಿ ಎಡವಿ, ಬೈಸಿಕೊಂಡು, ರಾತ್ರಿ ಕೂತು ತಿದ್ದಿಯೇ ನಮಗೆಲ್ಲ ಅನುಭವ ಬಂದದ್ದು. ಈ ವರ್ಷ ಹೊಸಬರನ್ನು ತೆಗೆದುಕೊಳ್ಳದೆ ಉಳಿಸಿದ ಸಂಬಳಕ್ಕೆ ಪ್ರತಿಯಾಗಿ, ಹತ್ತು ವರ್ಷದ ನಂತರ ಹಿರಿಯರೇ ಇಲ್ಲದ ತಂಡ ನಮ್ಮ ಕೈಯಲ್ಲಿರುತ್ತದೆ. ಈ ಮಾತನ್ನು ನಾನು ಬಜೆಟ್ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ.

ತೋಚಿದರಷ್ಟೇ ಸಾಲದು, ಹೇಳಲೂ ಬೇಕು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿದ್ದ ಯುನೈಟೆಡ್ 173 ವಿಮಾನದ ಚಕ್ರಗಳು ಸರಿಯಾಗಿ ಕೆಳಗಿಳಿದಿವೆಯೋ ಇಲ್ಲವೋ ಎಂಬ ಅನುಮಾನ ಬಂತು. ಅನುಭವಿ ಕ್ಯಾಪ್ಟನ್ ಆ ಒಂದೇ ಚಿಂತೆಯಲ್ಲಿ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿಸಿದರು. ಇಂಧನ ಕಡಿಮೆಯಾಗುತ್ತಿದೆ ಎಂಬುದು ಜೊತೆಗಿದ್ದವರಿಗೆ ಕಾಣುತ್ತಿತ್ತು. ಅವರು ಹೇಳಿದರು ಕೂಡ, ಆದರೆ ಮೇಲಿನವರ ಮುಂದೆ ಕೆಳಗಿನವರು ಹೇಳುವಂತೆ, ಮೆಲ್ಲಗೆ, ಅರ್ಧಂಬರ್ಧ. ಇಂಧನ ಮುಗಿದು ವಿಮಾನ ಊರಂಚಿನಲ್ಲಿ ಅಪ್ಪಳಿಸಿ 10 ಜನ ಸತ್ತರು. ಕಿರಿಯರು ಆತಂಕವನ್ನು ಸ್ಪಷ್ಟವಾಗಿ ಹೇಳುವುದನ್ನೂ, ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ಕಲಿಸಬೇಕೆಂದು ವಿಮಾನಯಾನ ಲೋಕ ಆಮೇಲೆ ಗಂಭೀರವಾಗಿ ಯೋಚಿಸಿತು. ಯುನೈಟೆಡ್ ಸಂಸ್ಥೆ 1981ರಲ್ಲಿ ಅದಕ್ಕೆಂದೇ ತರಬೇತಿ ಆರಂಭಿಸಿತು. ಅಂಥ ತರಬೇತಿ ಇಂದು ಜಗತ್ತಿನಾದ್ಯಂತ ವಿಮಾನ ಸಿಬ್ಬಂದಿಗೆ ಕಡ್ಡಾಯ. ಧೈರ್ಯವಾಗಿ ಮಾತನಾಡುವುದು ಹುಟ್ಟುಗುಣವೆಂದು ಕೈಬಿಡದೆ ಕಲಿಸಬಹುದಾದ ಕೌಶಲವೆಂದು ಅವರು ಒಪ್ಪಿಕೊಂಡದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ನಮ್ಮಲ್ಲಿ ಈ ಮೌನಕ್ಕೆ ಭಾಷೆಯೂ ಒಂದು ಕಾರಣ. ಹಾಸನ, ದಾವಣಗೆರೆ, ವಿಜಯಪುರದ ಕಡೆಯಿಂದ ಬಂದ ಮಕ್ಕಳು, ಅದರಲ್ಲೂ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಸಭೆಯಲ್ಲಿ ಬಾಯಿ ತೆರೆಯುವ ಮುನ್ನ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾರೆ. ಜೋಡಿಸಿ ಮುಗಿಯುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಗಿರುತ್ತದೆ. ನಿರರ್ಗಳ ಇಂಗ್ಲಿಷನ್ನೇ ಜಾಣತನವೆಂದು ಎಣಿಸಿ ನಾವು ಎಷ್ಟೋ ಒಳ್ಳೆಯ ತಲೆಗಳನ್ನು ಹಿಂದೆ ಕೂರಿಸಿದ್ದೇವೆ. ಈಗ ಯಾರು ಬೇಕಾದರೂ ಸೊಗಸಾದ ಇಂಗ್ಲಿಷ್ ಮೇಲ್ ಕಳುಹಿಸಬಹುದು, ಏಕೆಂದರೆ ಯಂತ್ರ ಬರೆದುಕೊಡುತ್ತದೆ. ಇದರಿಂದ ಆ ಮಕ್ಕಳಿಗೆ ನಿಜವಾದ ಉಪಕಾರವಾಗಿದೆ, ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಹಾಗೆಯೇ, ಬರಹದ ಹೊಳಪನ್ನು ನೋಡಿ ಬರೆದವರ ತಿಳಿವನ್ನು ಅಳೆಯುವ ನಮ್ಮ ಹಳೆಯ ಅಳತೆಗೋಲು ಮುರಿದುಬಿದ್ದಿದೆ. ವಿಷಯ ಅರ್ಥವಾಗಿದೆಯೋ ಇಲ್ಲವೋ ಎಂದು ತಿಳಿಯಲು ಎದುರು ಕೂತು ಮಾತನಾಡಿಸಲೇಬೇಕು, ಅವರಿಗೆ ಸಲೀಸಾದ ಭಾಷೆಯಲ್ಲೇ ಮಾತನಾಡಿಸಬೇಕು.

ಹೇಳಿದ ಮೇಲೂ ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಪ್ರಕರಣ ಸಾಕ್ಷಿ. ಅಲ್ಲಿಯ ಹೊರೈಜ಼ನ್ ಎಂಬ ವ್ಯವಸ್ಥೆ ಎಐ ಆಗಿರಲಿಲ್ಲ, ಸಾಮಾನ್ಯ ಲೆಕ್ಕಪತ್ರದ ತಂತ್ರಾಂಶ. ಅದು ಅಂಚೆ ಶಾಖೆಗಳ ಹಣದಲ್ಲಿ ಇಲ್ಲದ ಕೊರತೆಯನ್ನು ತೋರಿಸಿತು. ಶಾಖೆ ನಡೆಸುತ್ತಿದ್ದವರು "ಈ ಹಣ ನಾವು ತೆಗೆದಿಲ್ಲ" ಎಂದು ಹೇಳುತ್ತಲೇ ಇದ್ದರು. ಮೇಲಿನವರು ಪರದೆಯ ಅಂಕಿಯನ್ನೇ ನಂಬಿದರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಶಿಕ್ಷೆಗೆ ಗುರಿಯಾದರು. ಕೆಲವರು ಜೈಲಿಗೆ ಹೋದರು, ಹಲವರು ಮನೆಮಠ ಕಳೆದುಕೊಂಡರು. ತಂತ್ರಾಂಶದಲ್ಲೇ ದೋಷಗಳಿದ್ದವೆಂದು 2019ರಲ್ಲಿ ಹೈಕೋರ್ಟ್ ಹೇಳಿತು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು 2024ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಲೆಕ್ಕದ ತಂತ್ರಾಂಶಕ್ಕೇ ಇಷ್ಟು ನಂಬಿಕೆ ಕೊಟ್ಟವರು, ನಯವಾಗಿ ಮಾತನಾಡಿ ಕಾರಣವನ್ನೂ ವಿವರಿಸುವ ಯಂತ್ರಕ್ಕೆ ಎಷ್ಟು ಕೊಟ್ಟಾರು ಎಂದು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ತಂಡದಲ್ಲಿ ಈಗ ಒಂದು ಪದ್ಧತಿ ಇದೆ. ಕೋಡನ್ನು ಯಂತ್ರ ಬರೆದಿರಲಿ, ಮನುಷ್ಯ ಬರೆದಿರಲಿ, ಅದಕ್ಕೆ ಒಪ್ಪಿಗೆ ಕೊಡುವ ಅಪ್ರೂವ್ ಗುಂಡಿ ಒತ್ತುವ ಮುನ್ನ ಅದನ್ನು ಕಳುಹಿಸಿದವರು ಲ್ಯಾಪ್‌ಟಾಪ್ ಮುಚ್ಚಿ, ಬೋರ್ಡಿನ ಮುಂದೆ ನಿಂತು, ಅದು ಎಲ್ಲಿ ಮುರಿಯಬಹುದೆಂದು ವಿವರಿಸಬೇಕು. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್, ಯಾವುದಾದರೂ ಆದೀತು. ಇದಕ್ಕೆ ಸಮಯ ಹಿಡಿಯುತ್ತದೆ, ಮೊದಮೊದಲು ನನ್ನ ಮೇಲಿನವರಿಂದ ಆಕ್ಷೇಪವೂ ಬಂತು.

ಹೋದ ತಿಂಗಳು ಒಂದು ತಂತ್ರಾಂಶದ ಬಿಡುಗಡೆಯ ಹಿಂದಿನ ದಿನ, ಎಲ್ಲ ಟೆಸ್ಟ್‌ಗಳೂ ಹಸಿರಾಗಿದ್ದ ಪರದೆಯನ್ನು ತೋರಿಸುತ್ತಿದ್ದಾಗ, ಸೇರಿ ಆರು ತಿಂಗಳಾದ ಹುಡುಗಿಯೊಬ್ಬಳು ಬೋರ್ಡಿನ ಹತ್ತಿರ ಬಂದು, "ಮೇಡಂ, ಈ ಟೆಸ್ಟ್‌ಗಳನ್ನೂ ಎಐಯೇ ಬರೆದಿದೆ. ಕೋಡ್ ಬರೆಯುವಾಗ ಅದು ಏನು ಮರೆತಿತ್ತೋ ಟೆಸ್ಟ್ ಬರೆಯುವಾಗಲೂ ಅದನ್ನೇ ಮರೆತಿರುತ್ತೆ ಅಲ್ವಾ?" ಎಂದಳು. ಕೋಣೆಯಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಅನುಭವವಿದ್ದವರು ಮೂವರಿದ್ದೆವು, ನಮಗೆ ಯಾರಿಗೂ ಅದು ತೋಚಿರಲಿಲ್ಲ. ಅವಳೂ ಇನ್ನೊಬ್ಬ ಹುಡುಗನೂ ಸೇರಿ ಅಂದು ಸಂಜೆ ಕೈಯಾರೆ ಹನ್ನೊಂದು ಟೆಸ್ಟ್ ಬರೆದರು, ಅವುಗಳಲ್ಲಿ ಎರಡು ಫೇಲಾದವು. ಬಿಡುಗಡೆಯನ್ನು ಎರಡು ದಿನ ಮುಂದೂಡಿದೆವು. ಗ್ರಾಹಕ ಸಂಸ್ಥೆಗೆ ಅದನ್ನು ತಿಳಿಸುವ ಫೋನನ್ನು ನಾನೇ ಮಾಡಿದೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು.